ಐನೂರು ರೂಪಾಯಿ ಉಳಿಸಲು ಹೋಗಿ

(ರಸ್ತೆ ಸುರಕ್ಷತಾ ಮಾಸದ ಅಂಗವಾಗಿ ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ವಕೀಲರೊಬ್ಬರು ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಇವತ್ತು ಬೈಕಿನಲ್ಲಿ ಬಂದವರು ಕೈ ಎತ್ತಿ. ಸರಿ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಇನ್ನೊಂದು ಪ್ರಶ್ನೆ. ಮೋತಿ ಸರ್ಕಲ್ಲೋ ಸುಧಾ ಕ್ರಾಸೋ, ದೂರದಲ್ಲಿ ಪೊಲೀಸರು ಕಂಡ ಕೂಡಲೇ ಗಾಡಿ ತಿರುಗಿಸಿ ಸಂದಿಗೆ ನುಗ್ಗಿದವರು ಎಷ್ಟು ಜನ? ಕೈ ಎತ್ತಿದವರು ಕಡಿಮೆ, ನಕ್ಕವರು ಜಾಸ್ತಿ. ನನಗೆ ಉತ್ತರ ಸಿಕ್ಕಿತು.

ನಿಮ್ಮನ್ನು ಬೈಯಲು ಬಂದಿಲ್ಲ. ಯಾಕೆ ತಿರುಗಿಸುತ್ತೀರಿ ಅನ್ನುವುದು ನನಗೂ ಗೊತ್ತು. ಹೆಲ್ಮೆಟ್ ಮನೆಯಲ್ಲೇ ಉಳಿದಿರುತ್ತದೆ. ಈ ಬಳ್ಳಾರಿ ಬಿಸಿಲಲ್ಲಿ ಅದನ್ನ ಯಾರು ಹಾಕ್ತಾರೆ ಸರ್ ಅಂತ ನನ್ನ ಕಕ್ಷಿದಾರರೇ ಕೇಳುತ್ತಾರೆ. ಇಲ್ಲವೇ ಇನ್ಶೂರೆನ್ಸ್ ಮುಗಿದಿರುತ್ತದೆ, ಹಿಂದೆ ಇಬ್ಬರು ಕೂತಿರುತ್ತಾರೆ. ಜೇಬಿನಲ್ಲಿ ದುಡ್ಡಿರುವುದಿಲ್ಲ, ಅಪ್ಪನಿಗೆ ಫೋನ್ ಹೋಗುತ್ತದೆ ಅನ್ನುವ ಭಯ ಬೇರೆ. ಇದನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ನೀವು ಹಾಕುವ ಲೆಕ್ಕ ತಪ್ಪು. ಇವತ್ತು ಆ ಲೆಕ್ಕವನ್ನು ಮಾತ್ರ ನೋಡೋಣ.

ಹೆಲ್ಮೆಟ್ ಇಲ್ಲದಿದ್ದರೆ ಕೇಂದ್ರದ ಕಾಯ್ದೆಯಲ್ಲಿ 1000 ರೂಪಾಯಿ ದಂಡ. 2019ರ ಸೆಪ್ಟೆಂಬರ್‌ನಲ್ಲಿ ಹೊಸ ದಂಡ ಜಾರಿಗೆ ಬಂದಾಗ ಜನ ಕೂಗಾಡಿದರು, ನಮ್ಮ ರಾಜ್ಯ ಅದೇ ತಿಂಗಳು ಅದನ್ನು 500ಕ್ಕೆ ಇಳಿಸಿತು. ಅಂದರೆ ನೀವು ಓಡುತ್ತಿರುವುದು ಐನೂರು ರೂಪಾಯಿಯಿಂದ. ಆ ಐನೂರು ಉಳಿಸಲು ಏನೇನು ಮೈಮೇಲೆ ಎಳೆದುಕೊಳ್ಳುತ್ತೀರಿ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಪೊಲೀಸರು ಕೈ ಮಾಡಿದಾಗ ನಿಲ್ಲಿಸದೆ ಓಡುವುದಕ್ಕೇ ನಮ್ಮಲ್ಲಿ ಬೇರೆ ಒಂದು ಅಪರಾಧ ಇದೆಯಾ? ಇಲ್ಲ. ಅಮೆರಿಕದಲ್ಲಿ ಇದೆ. ಕ್ಯಾಲಿಫೋರ್ನಿಯಾವನ್ನೇ ತೆಗೆದುಕೊಳ್ಳಿ. ಅಲ್ಲಿನ ವಾಹನ ಕಾಯ್ದೆಯಲ್ಲಿ 2800.1 ಅಂತ ಒಂದು ಕಲಂ ಇದೆ. ಕೆಂಪು ದೀಪ ಹಾಕಿಕೊಂಡು ಪೊಲೀಸ್ ಗಾಡಿ ಹಿಂದೆ ಬಂದರೂ ಬೇಕಂತಲೇ ತಪ್ಪಿಸಿಕೊಂಡು ಓಡಿದರೆ ಒಂದು ವರ್ಷದವರೆಗೆ ಜೈಲು. ಓಡುವಾಗ ಜನರ ಪ್ರಾಣದ ಪರಿವೆ ಇಲ್ಲದೆ ಓಡಿಸಿದರೆ ಅದೇ ದೊಡ್ಡ ಅಪರಾಧವಾಗಿ ಮೂರು ವರ್ಷದವರೆಗೂ ಹೋಗಬಹುದು. ಯಾರಾದರೂ ಸತ್ತರೆ ಹತ್ತು ವರ್ಷದವರೆಗೆ. ಇಂಗ್ಲೆಂಡಿನವರು ಸ್ವಲ್ಪ ಸಮಾಧಾನಿಗಳು. ಸಮವಸ್ತ್ರದ ಪೊಲೀಸ್ ನಿಲ್ಲಿಸು ಅಂದಾಗ ನಿಲ್ಲಿಸದಿದ್ದರೆ ಅಲ್ಲಿ ದಂಡ.

ನಮ್ಮಲ್ಲಿ ಹೀಗೆ ಒಂದೇ ಕಲಂ ಇಲ್ಲ, ಚೂರು ಚೂರಾಗಿ ಅಲ್ಲಲ್ಲಿ ಹರಡಿಕೊಂಡಿದೆ. ಅದಕ್ಕೇ ಜನ 'ಓಡಿದರೆ ಏನೂ ಆಗಲ್ಲ' ಅಂದುಕೊಂಡಿದ್ದಾರೆ. ಚೂರುಗಳನ್ನು ಕೂಡಿಸಿದಾಗ ಬರುವ ಮೊತ್ತ ಅವರು ನೋಡಿಲ್ಲ.

ಮೊದಲ ಚೂರು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ ಕಲಂ 130ರ ಪ್ರಕಾರ ಸಮವಸ್ತ್ರದಲ್ಲಿರುವ ಯಾವ ಪೊಲೀಸ್ ಕೇಳಿದರೂ ಲೈಸೆನ್ಸ್ ತೋರಿಸಬೇಕು. ಕಲಂ 179ರ ಪ್ರಕಾರ, ಅಧಿಕಾರ ಇರುವವರು ಕೊಟ್ಟ ಸೂಚನೆಯನ್ನು ಬೇಕಂತಲೇ ಮೀರಿದರೆ 2000 ರೂಪಾಯಿವರೆಗೆ ದಂಡ. 2019ಕ್ಕೆ ಮೊದಲು ಇದು ಬರೀ 500 ಇತ್ತು. ಈಗ ಲೆಕ್ಕ ಹಾಕಿ. ನಿಂತಿದ್ದರೆ ಐನೂರು, ಸುಮ್ನೆ ಓಡಿದ್ದಕ್ಕೆ ಅದರ ಮೇಲೆ ಎರಡು ಸಾವಿರ. ಇನ್ನೂ ಯಾರಿಗೂ ಏನೂ ಆಗಿಲ್ಲ, ಗಾಡಿ ಬರೀ ಸರ್ಕಲ್ ದಾಟಿದೆ ಅಷ್ಟೇ.

ಆದರೆ ಸುಮ್ನೆ ಓಡುವವರು ಯಾರೂ ಇಲ್ಲ. ಪೊಲೀಸರಿಂದ ತಪ್ಪಿಸಿಕೊಳ್ಳುವವನು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಮೂವತ್ತರ ವೇಗದಲ್ಲಿ ಹೋಗುತ್ತಾನಾ? ರಾಂಗ್ ಸೈಡ್‌ನಲ್ಲಿ ನುಗ್ಗುತ್ತಾನೆ, ಸಿಗ್ನಲ್ ಹಾರಿಸುತ್ತಾನೆ, ಫುಟ್‌ಪಾತ್ ಹತ್ತಿಸುತ್ತಾನೆ. ಇಲ್ಲಿ ಕಲಂ 184 ಬರುತ್ತದೆ. ಅಪಾಯಕಾರಿ ಚಾಲನೆ. ಕೆಂಪು ದೀಪ ಹಾರಿಸುವುದು, ಎದುರು ದಿಕ್ಕಿನಲ್ಲಿ ಓಡಿಸುವುದು, ಓಡಿಸುತ್ತಾ ಮೊಬೈಲ್ ಹಿಡಿಯುವುದು, ಇವನ್ನೆಲ್ಲ 2019ರ ತಿದ್ದುಪಡಿಯಲ್ಲಿ ಆ ಕಲಮಿನೊಳಗೇ ಹೆಸರಿಟ್ಟು ಸೇರಿಸಿದ್ದಾರೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ ಸಾವಿರದಿಂದ ಐದು ಸಾವಿರ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ಎರಡು ವರ್ಷದವರೆಗೆ ಜೈಲು, ದಂಡ ಹತ್ತು ಸಾವಿರ.

ಜೊತೆಗೆ ಕಲಂ 202 ನೆನಪಿಡಿ. ಅಪಾಯಕಾರಿ ಚಾಲನೆ ಪೊಲೀಸರ ಕಣ್ಣೆದುರೇ ನಡೆದರೆ ಸಮವಸ್ತ್ರದ ಪೊಲೀಸ್ ವಾರಂಟ್ ಇಲ್ಲದೆ ಬಂಧಿಸಬಹುದು. ಹೆಲ್ಮೆಟ್ ಇಲ್ಲ ಅಂತ ಯಾರನ್ನೂ ಬಂಧಿಸಲು ಆಗಲ್ಲ. ರಾಂಗ್ ಸೈಡ್‌ನಲ್ಲಿ ಓಡಿದರೆ ಆಗುತ್ತದೆ. ಬಂಧಿಸುವ ಅಧಿಕಾರವನ್ನು ಅವರ ಕೈಗೆ ಕೊಟ್ಟವರು ನೀವೇ ಆದಿರಿ, ಅಲ್ವಾ? ಅದರ ಮೇಲೆ, ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 281ನ್ನೂ ಎಫ್‌ಐಆರ್‌ನಲ್ಲಿ ಸೇರಿಸುತ್ತಾರೆ. ಹಳೆಯದರಲ್ಲಿ 279 ಅದು, ಆರು ತಿಂಗಳವರೆಗೆ ಜೈಲು.

ಒಬ್ಬ ಹುಡುಗನ ಕೇಸು ಹೇಳುತ್ತೇನೆ. ಹೆಸರು ಬೇಡ, ಓಣಿಯೂ ಬೇಡ. ಡಿಗ್ರಿ ಓದುವ ಹುಡುಗ, ಒಳ್ಳೆಯವನೇ. ಭಾವನ ಬೈಕ್ ತೆಗೆದುಕೊಂಡು ಸಂಜೆ ಮಾರ್ಕೆಟ್ ಕಡೆ ಹೊರಟಿದ್ದ. ಹೆಲ್ಮೆಟ್ ಇರಲಿಲ್ಲ. ಮುಂದೆ ಪೊಲೀಸರು ನಿಂತಿದ್ದರು. ಎಡಕ್ಕೆ ಒಂದು ಸಂದಿ ಇತ್ತು, ಒನ್ ವೇ, ಅದೂ ಉಲ್ಟಾ. ತಿರುಗಿಸಿದ. ಸಂದಿಯ ತಿರುವಿನಲ್ಲಿ ಟೊಮೆಟೊ ತಳ್ಳುಬಂಡಿ. ಬಂಡಿಯ ಹಿಂದೆ ತಕ್ಕಡಿ ಹಿಡಿದು ನಿಂತಿದ್ದ ಹೆಂಗಸು. ಬ್ರೇಕ್ ಹಿಡಿದ, ಗಾಡಿ ಜಾರಿತು, ಬಂಡಿಗೆ ಬಡಿಯಿತು, ಬಂಡಿ ಆಕೆಯ ಮೇಲೆ ವಾಲಿತು. ಬಲಗೈ ಮಣಿಕಟ್ಟು ಮುರಿಯಿತು. ಹುಡುಗ ಎದ್ದವನೇ ಗಾಡಿ ಎತ್ತಿಕೊಂಡು ಮತ್ತೆ ಓಡಿದ. ಇಷ್ಟೆಲ್ಲ ಆಗಲು ಎರಡು ನಿಮಿಷ ಕೂಡ ಹಿಡಿಯಲಿಲ್ಲ.

ಈಗ ನೋಡಿ ಕಾನೂನು ಏನು ಮಾಡಿತು. ಮೂಳೆ ಮುರಿದರೆ ಅದು ಕಾನೂನಿನ ಲೆಕ್ಕದಲ್ಲಿ ಸಾಧಾರಣ ಗಾಯ ಅಲ್ಲ, ತೀವ್ರ ಗಾಯ. ದುಡುಕಿನಿಂದ ತೀವ್ರ ಗಾಯ ಮಾಡಿದರೆ ನ್ಯಾಯ ಸಂಹಿತೆಯ 125(ಬಿ), ಮೂರು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಇದರ ಪಕ್ಕದಲ್ಲಿ 281, ಅದರ ಪಕ್ಕದಲ್ಲಿ 184.

ಬಿದ್ದವಳನ್ನು ಬಿಟ್ಟು ಓಡಿದನಲ್ಲ, ಅದಕ್ಕೆ ಬೇರೆ ಕಲಂ. ಅಪಘಾತವಾದರೆ ಚಾಲಕ ಗಾಡಿ ನಿಲ್ಲಿಸಬೇಕು, ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಪೊಲೀಸರಿಗೆ ತಿಳಿಸಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 134. ಮಾಡದಿದ್ದರೆ 187, ಆರು ತಿಂಗಳವರೆಗೆ ಜೈಲು ಇಲ್ಲವೇ ಐದು ಸಾವಿರ ದಂಡ ಇಲ್ಲವೇ ಎರಡೂ. ಇನ್ನೊಮ್ಮೆ ಅದೇ ತಪ್ಪಾದರೆ ಒಂದು ವರ್ಷ, ಹತ್ತು ಸಾವಿರ. ಜನ ಹೊಡೆಯುತ್ತಾರೆ ಅಂತ ಹೆದರಿ ಓಡಿದೆ ಸರ್ ಅಂದ. ನಿಜ ಇರಬಹುದು. ಕಾಯ್ದೆಯೂ ಅದನ್ನು ಯೋಚಿಸಿದೆ. ಗುಂಪು ರೊಚ್ಚಿಗೆದ್ದಿದ್ದರೆ ಅಲ್ಲೇ ನಿಲ್ಲಬೇಕು ಅಂತ ಹಟ ಹಿಡಿಯುವುದಿಲ್ಲ. ಆದರೆ ಅಲ್ಲಿಂದ ಸೀದಾ ಠಾಣೆಗೆ ಹೋಗಬೇಕಿತ್ತು. ಇವನು ಹೋಗಿದ್ದು ಗೆಳೆಯನ ರೂಮಿಗೆ.

ಮರುದಿನ ಪೊಲೀಸರು ಬಂದದ್ದು ಹುಡುಗನ ಮನೆಗಲ್ಲ, ಭಾವನ ಮನೆಗೆ. ಅಂಗಡಿಯ ಸಿಸಿ ಟಿವಿಯಲ್ಲಿ ನಂಬರ್ ಸಿಕ್ಕಿತ್ತು, ಆರ್‌ಸಿ ಭಾವನ ಹೆಸರಲ್ಲಿತ್ತು. ಗಾಡಿ ಯಾರು ಓಡಿಸುತ್ತಿದ್ದರು ಅಂತ ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು, ಅದು ಕಲಂ 133. ಹೇಳದಿದ್ದರೆ ಅದೇ 187 ಮಾಲೀಕನ ತಲೆಗೂ ಬರುತ್ತದೆ. ಭಾವ ಹೆಂಡತಿಯ ಮುಖ ನೋಡಿದ, ಹೆಂಡತಿ ತಮ್ಮನ ಮುಖ ನೋಡಿದಳು. ಕೊನೆಗೆ ಹುಡುಗನೇ ಠಾಣೆಗೆ ಬಂದ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟೋ ವಾಸಿ. ಬೈಕಿನ ಇನ್ಶೂರೆನ್ಸ್ ಮುಗಿದು ತಿಂಗಳುಗಳಾಗಿದ್ದವು. ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದಕ್ಕೆ 196ರಲ್ಲಿ ಎರಡು ಸಾವಿರ ದಂಡ, ಮೂರು ತಿಂಗಳವರೆಗೆ ಜೈಲೂ ಇದೆ. ಅದು ದೊಡ್ಡದಲ್ಲ. ದೊಡ್ಡದು ನಾವು ವಕೀಲರು ಎಂವಿಸಿ ಅಂತ ಕರೆಯುವ ಪರಿಹಾರದ ಕೇಸು. ಆ ಹೆಂಗಸಿನ ಆಸ್ಪತ್ರೆ ಖರ್ಚು, ಆಪರೇಷನ್, ಬಂಡಿ ನಿಂತ ದಿನಗಳ ದುಡಿಮೆ, ಮುಂದೆ ಆ ಕೈಯಲ್ಲಿ ಭಾರ ಎತ್ತಲಾಗದ ನಷ್ಟ, ಎಲ್ಲದಕ್ಕೂ ಪರಿಹಾರ ಕೊಡಬೇಕು. ಪಾಲಿಸಿ ಇದ್ದಿದ್ದರೆ ವಿಮಾ ಕಂಪನಿ ಕೊಡುತ್ತಿತ್ತು. ಇಲ್ಲದ್ದರಿಂದ ಮಾಲೀಕನೇ ಕೊಡಬೇಕು, ಅಂದರೆ ಭಾವ. ಅವನು ಆ ದಿನ ಗಾಡಿಯ ಹತ್ತಿರವೂ ಇರಲಿಲ್ಲ. ಅಕ್ಕ ತವರಿಗೆ ಬರುವುದನ್ನು ನಿಲ್ಲಿಸಿದಳು ಅಂತ ಕೇಳಿದೆ.

ಪಾಲಿಸಿ ಇದೆಯಲ್ಲ ಅಂತ ಯಾರೂ ನಿಟ್ಟುಸಿರು ಬಿಡಬೇಡಿ. ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿದ್ದರೆ ಕಂಪನಿ ಗಾಯಾಳುವಿಗೆ ದುಡ್ಡು ಕೊಟ್ಟು, ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಬಹುದು. 2004ರಲ್ಲಿ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದಲ್ಲಿ ಇದನ್ನು ವಿವರವಾಗಿ ಹೇಳಿದೆ. ಇನ್ನೊಂದು ತೀರ್ಪು ಹೊಸದು, 2025ರ ಜುಲೈನದು, ನಮ್ಮ ರಾಜ್ಯದ ಅರಸೀಕೆರೆ ಕಡೆಯ ಅಪಘಾತದ್ದು. ವೇಗವಾಗಿ, ಅಜಾಗರೂಕತೆಯಿಂದ ಓಡಿಸಿ ತಾನೇ ಸತ್ತವನ ಮನೆಯವರು ಪರಿಹಾರ ಕೇಳಿದ್ದರು. ತಪ್ಪು ಅವನದೇ ಆದ್ದರಿಂದ ಇಲ್ಲ ಅಂದಿತು ಸುಪ್ರೀಂ ಕೋರ್ಟ್. ಪೊಲೀಸರಿಂದ ತಪ್ಪಿಸಿಕೊಳ್ಳಲು ಹೋಗಿ ಡಿವೈಡರ್‌ಗೆ ಬಡಿದರೆ ಮನೆಯವರ ಕೈಗೆ ಏನು ಬರುತ್ತದೆ, ನೀವೇ ಯೋಚಿಸಿ.

ಗಾಡಿ ಏನಾಯಿತು ಅಂತ ಕೇಳುತ್ತೀರಾ? ಜಪ್ತಿ. ಯಾವುದಾದರೂ ಠಾಣೆಯ ಹಿಂದಿನ ಆವರಣಕ್ಕೆ ಒಮ್ಮೆ ಇಣುಕಿ ನೋಡಿ. ಟ್ಯಾಂಕಿನ ಮೇಲೆ ಬಿಳಿ ಬಣ್ಣದಲ್ಲಿ ಕ್ರೈಂ ನಂಬರ್ ಬರೆದಿರುತ್ತಾರೆ. ಎರಡೂ ಟೈರಿನಲ್ಲಿ ಗಾಳಿ ಇರುವುದಿಲ್ಲ. ಸೀಟಿನ ರೆಕ್ಸಿನ್ ಬಿಸಿಲಿಗೆ ಬಿರಿದು ಒಳಗಿನ ಸ್ಪಂಜು ಪುಡಿಪುಡಿಯಾಗಿ ಉದುರುತ್ತಿರುತ್ತದೆ. ಚಕ್ರದ ಕಡ್ಡಿಗಳ ನಡುವೆ ಜಾಲಿ ಗಿಡ ಹುಟ್ಟಿರುತ್ತದೆ. ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು, ಬಾಂಡ್ ಬರೆದುಕೊಡಬೇಕು, ಜಾಮೀನುದಾರರನ್ನು ಕರೆತರಬೇಕು. ಗಾಡಿಗಳನ್ನು ಠಾಣೆಯಲ್ಲಿ ಕೊಳೆಸಬೇಡಿ, ಬೇಗ ಬಿಟ್ಟುಕೊಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅರ್ಜಿ ಹಾಕದವರ ಗಾಡಿ ಮಾತ್ರ ಅಲ್ಲೇ ಇರುತ್ತದೆ. ಎಷ್ಟೋ ಜನ ವಕೀಲರ ಫೀಸು, ಗಾಡಿಯ ಬೆಲೆ ಎರಡನ್ನೂ ತೂಗಿ ನೋಡಿ ಸುಮ್ಮನಾಗುತ್ತಾರೆ.

ಇನ್ನು ಭಾರಿ ವಿಷಯಕ್ಕೆ ಬರುತ್ತೇನೆ. ಪೊಲೀಸ್ ಅಡ್ಡ ಬಂದಾಗ ಗಾಡಿ ಮೇಲೆ ಹಾಯಿಸುವುದು. 'ನಾನು ಹೆದರಿಸಲು ಮಾತ್ರ ಆಕ್ಸಿಲರೇಟರ್ ಕೊಟ್ಟೆ, ಸರಿದುಕೊಳ್ಳುತ್ತಾರೆ ಅಂದುಕೊಂಡೆ' ಅನ್ನುವ ಮಾತನ್ನು ನಾನು ಸಾಕಷ್ಟು ಕೇಳಿದ್ದೇನೆ. ನ್ಯಾಯಾಧೀಶರು ನನಗಿಂತ ಜಾಸ್ತಿ ಕೇಳಿದ್ದಾರೆ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರನ್ನು ತಡೆಯಲು ಬಲಪ್ರಯೋಗ ಮಾಡಿದರೆ ನ್ಯಾಯ ಸಂಹಿತೆಯ 132, ಎರಡು ವರ್ಷದವರೆಗೆ. ಗಾಯವಾದರೆ 121, ಐದು ವರ್ಷದವರೆಗೆ. ತೀವ್ರ ಗಾಯವಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು ವರ್ಷ. ಬೇಕಂತಲೇ ಹಾಯಿಸಿದ ಅಂತ ಅನಿಸಿದರೆ 109, ಕೊಲೆ ಯತ್ನ. ಅಲ್ಲಿ ಹತ್ತು ವರ್ಷ, ಗಾಯವಾಗಿದ್ದರೆ ಜೀವಾವಧಿವರೆಗೆ. ಕೊಲೆ ಯತ್ನದ ಕೇಸಿಗೆ ಠಾಣೆಯಲ್ಲಿ ಜಾಮೀನು ಸಿಗುವುದಿಲ್ಲ, ಜೈಲಿಗೆ ಹೋಗಿ ಸೆಷನ್ಸ್ ಕೋರ್ಟ್ ಬಾಗಿಲು ತಟ್ಟಬೇಕು.

2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನಲ್ಲಿ ಆದದ್ದು ನಿಮಗೆ ನೆನಪಿರಬಹುದು. ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೇಬಲ್ ಮೇಲೆ ಟ್ರ್ಯಾಕ್ಟರ್ ಹಾಯಿತು, ಅವರು ಉಳಿಯಲಿಲ್ಲ. ನಮ್ಮ ತುಂಗಭದ್ರಾ ದಂಡೆಯ ಊರುಗಳಲ್ಲೂ ರಾತ್ರಿ ಟ್ರ್ಯಾಕ್ಟರ್ ಓಡಿಸುವ ಹುಡುಗರಿದ್ದಾರೆ. ದಿನಕ್ಕಿಷ್ಟು ಅಂತ ಕೂಲಿ. ಪೊಲೀಸ್ ಬಂದರೆ ನಿಲ್ಲಿಸಬೇಡ, ನಾನು ನೋಡಿಕೊಳ್ತೀನಿ ಅಂತ ಮಾಲೀಕ ಹೇಳಿರುತ್ತಾನೆ. ಕೇಸು ಆದ ದಿನ ಆ ಮಾಲೀಕನ ಫೋನ್ ಸ್ವಿಚ್ ಆಫ್. ಸ್ಟಿಯರಿಂಗ್ ಹಿಡಿದವನು ಮೊದಲ ಆರೋಪಿ. ಟ್ರ್ಯಾಕ್ಟರ್ ಓಡಿಸುವ ತಮ್ಮಂದಿರು ಯಾರಾದರೂ ಮನೆಯಲ್ಲಿದ್ದರೆ ಈ ಒಂದು ಮಾತನ್ನು ಅವರಿಗೆ ಹೇಳಿ.

ಲಾರಿಯವರಿಗೆ ಪ್ರತ್ಯೇಕವಾಗಿ ಒಂದು ಕಲಂ ಇದೆ. ನಿಲ್ಲಿಸದೆ ಓಡುವುದಕ್ಕೇ ನಮ್ಮಲ್ಲಿ ಬೇರೆ ಅಪರಾಧ ಇಲ್ಲ ಅಂದೆನಲ್ಲ, ಅದಕ್ಕೆ ಸ್ವಲ್ಪ ಹತ್ತಿರ ಬರುವುದು ಇದೊಂದೇ. ತೂಕ ಮಾಡಿಸಲು ನಿಲ್ಲಿಸು ಅಂತ ಅಧಿಕಾರಿ ಹೇಳಿದಾಗ ಚಾಲಕ ನಿಲ್ಲಿಸದಿದ್ದರೆ, ಅಥವಾ ತೂಕಕ್ಕೆ ಮೊದಲೇ ಲೋಡ್ ಇಳಿಸಿದರೆ, ಮೋಟಾರು ವಾಹನ ಕಾಯ್ದೆಯ ಕಲಂ 194(2)ರಲ್ಲಿ 40,000 ರೂಪಾಯಿ ದಂಡ. ಓವರ್‌ಲೋಡ್‌ಗೆ ದಂಡ 20,000, ಹೆಚ್ಚುವರಿ ಪ್ರತಿ ಟನ್‌ಗೆ ಮತ್ತೆ 2,000. ತಪ್ಪಿಗಿಂತ ತಪ್ಪಿಸಿಕೊಳ್ಳುವುದಕ್ಕೇ ದುಪ್ಪಟ್ಟು ಬೆಲೆ ಇಟ್ಟಿದೆ ಕಾನೂನು. 2019ಕ್ಕೆ ಮೊದಲು ನಿಲ್ಲಿಸದ್ದಕ್ಕೆ ದಂಡ ಮೂರೇ ಸಾವಿರ ಇತ್ತು. ಅದಿರು ಲಾರಿಗಳು ಸಂಡೂರಿನಿಂದ ಸಾಲುಗಟ್ಟಿ ಇಳಿಯುತ್ತಿದ್ದ ಕಾಲವನ್ನು ಇಲ್ಲಿರುವ ಹಿರಿಯರು ನೋಡಿದ್ದಾರೆ. ತಾಡಪತ್ರಿಯೂ ಇಲ್ಲ, ತೂಕದ ಮಾತೂ ಇಲ್ಲ, ಹೊಸಪೇಟೆ ರಸ್ತೆಯ ಗಿಡಮರವೆಲ್ಲ ಕೆಂಪು. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಓಡಾಟ ತಗ್ಗಿತು. ಆ ಕಾಲದಲ್ಲಿ ಈ ನಲವತ್ತು ಸಾವಿರದ ಕಲಂ ಇದ್ದಿದ್ದರೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇರಲಿ, ವಿಷಯ ಬಿಟ್ಟು ದೂರ ಬಂದೆ.

ಲಾರಿ ಅಂದಾಗ ಇನ್ನೊಂದು ಗೊಂದಲ ಬಿಡಿಸಬೇಕು. ಗುದ್ದಿ ಓಡಿದರೆ ಹತ್ತು ವರ್ಷ ಜೈಲು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದು ನ್ಯಾಯ ಸಂಹಿತೆಯ 106(2). ಇದರ ವಿರುದ್ಧವೇ 2024ರ ಜನವರಿಯಲ್ಲಿ ದೇಶದ ಲಾರಿ ಚಾಲಕರು ಮುಷ್ಕರ ಹೂಡಿದರು, ಪೆಟ್ರೋಲ್ ಬಂಕ್ ಮುಂದೆ ಕ್ಯೂ ಹಚ್ಚಿತು. 2024ರ ಜುಲೈ 1ಕ್ಕೆ ಹೊಸ ಸಂಹಿತೆ ಜಾರಿಗೆ ಬಂದಾಗ ಈ ಒಂದು ಉಪಕಲಂ ಮಾತ್ರ ಜಾರಿ ಮಾಡದೆ ಹಿಡಿದಿಟ್ಟರು. ಹಾಗಂತ ಬಿಟ್ಟರು ಅಂದುಕೊಳ್ಳಬೇಡಿ. 106(1) ಜಾರಿಯಲ್ಲಿದೆ. ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷ ಇತ್ತು.

ಹಿಂದಿನ ಸಾಲಿನಲ್ಲಿ ಕೂತಿರುವ ಪೋಷಕರು ಈಗ ಕೇಳಿಸಿಕೊಳ್ಳಿ. ನಿಮ್ಮ ಪಿಯು ಹುಡುಗ ಟ್ಯೂಷನ್‌ಗೆ ಗಾಡಿ ತೆಗೆದುಕೊಂಡು ಹೋಗುತ್ತಾನಲ್ಲ, ಹದಿನೆಂಟು ತುಂಬಿದೆಯಾ? ಪೊಲೀಸರನ್ನು ಕಂಡು ಎಲ್ಲರಿಗಿಂತ ಜಾಸ್ತಿ ಓಡುವುದು ಇವರೇ, ಲೈಸೆನ್ಸೇ ಇರುವುದಿಲ್ಲವಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 199ಎ ಓದಿದರೆ ನಿಮಗೆ ನಿದ್ದೆ ಬರುವುದಿಲ್ಲ. ಅಪ್ರಾಪ್ತ ಓಡಿಸಿ ಅಪರಾಧ ಮಾಡಿದರೆ ಪಾಲಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು ಅಂತ ಕಾನೂನು ಎಣಿಸುತ್ತದೆ. ಮೂರು ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ನನಗೆ ಗೊತ್ತಿಲ್ಲದೆ ಒಯ್ದಿದ್ದ ಅಂತ ನೀವು ಸಾಬೀತು ಮಾಡಿದರೆ ಪಾರಾಗಬಹುದು. ದಿನಾ ಓಣಿಯವರೆಲ್ಲ ನೋಡಿರುವಾಗ ಅದನ್ನು ಹೇಗೆ ಸಾಬೀತು ಮಾಡುತ್ತೀರೋ ನನಗಂತೂ ಹೊಳೆಯುವುದಿಲ್ಲ.

ನಮ್ಮ ಊರಿಗೇ ವಿಶೇಷವಾದ ಒಂದು ನಂಬಿಕೆ ಇದೆ. ಗಡಿ ದಾಟಿದರೆ ಆಂಧ್ರ, ಅಲ್ಲಿ ಕರ್ನಾಟಕ ಪೊಲೀಸರು ಬರೋ ಹಾಗಿಲ್ಲ ಅಂತ. ಗುಂತಕಲ್ ರಸ್ತೆಯಲ್ಲೋ ಆಲೂರು ರಸ್ತೆಯಲ್ಲೋ ಸ್ವಲ್ಪ ದೂರ ಹೋದರೆ ಗಡಿ ಸಿಗುತ್ತದೆ, ಅದೇ ಧೈರ್ಯ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 45 ನೋಡಿ. ವಾರಂಟ್ ಇಲ್ಲದೆ ಬಂಧಿಸಬಹುದಾದವನನ್ನು ಪೊಲೀಸರು ಭಾರತದ ಯಾವ ಜಾಗಕ್ಕಾದರೂ ಬೆನ್ನಟ್ಟಬಹುದು. ಬ್ರಿಟಿಷರ ಕಾಲದಿಂದಲೂ ಹೀಗೇ ಇದೆ. ಗಡಿಯ ಕಲ್ಲು ನಿಮ್ಮನ್ನು ಕಾಯುವುದಿಲ್ಲ.

ಹಾಗಾದರೆ ಪೊಲೀಸರು ಏನು ಬೇಕಾದರೂ ಮಾಡಬಹುದಾ? ಇದನ್ನು ಹೇಳದೆ ಹೋದರೆ ನನ್ನ ಮಾತು ಒಂದೇ ಕಡೆಯದಾಗುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತಿರುಚ್ಚಿಯಲ್ಲಿ ಗಾಡಿ ನಿಲ್ಲಿಸದ ದಂಪತಿಯನ್ನು ಇನ್‌ಸ್ಪೆಕ್ಟರ್ ಒಬ್ಬ ಬೆನ್ನಟ್ಟಿ ಬೈಕಿಗೆ ಒದ್ದ, ಹೆಂಡತಿ ಸತ್ತಳು. ಕಾರಣ ಹೆಲ್ಮೆಟ್. 2019ರ ನವೆಂಬರ್‌ನಲ್ಲಿ ಕೇರಳ ಹೈಕೋರ್ಟ್ ತನ್ನ ಮುಂದಿದ್ದ ಬೇರೊಂದು ಕೇಸಿನಲ್ಲಿ ಇದೇ ವಿಷಯ ಎತ್ತಿಕೊಂಡಿತು. ಹೆಲ್ಮೆಟ್ ಇಲ್ಲದವರನ್ನು ಬೆನ್ನಟ್ಟಿ ಹಿಡಿಯಬೇಡಿ, ರಸ್ತೆ ನಡುವೆ ನಿಂತು ಅಡ್ಡಗಟ್ಟಬೇಡಿ, ಕ್ಯಾಮೆರಾ ಇದೆ, ನಂಬರ್ ಇದೆ, ಅದನ್ನು ಬಳಸಿ ಅಂದಿತು. ಆ ಕೇಸಿನ ಆರೋಪಿ ಪೊಲೀಸ್‌ಗೆ ಗುದ್ದಿದ ಬೈಕ್ ಸವಾರ ಅನ್ನುವುದನ್ನೂ ಗಮನಿಸಿ. ಕೋರ್ಟ್ ಎರಡೂ ಕಡೆಯ ತಪ್ಪನ್ನು ನೋಡಿತು.

ನಮ್ಮ ರಾಜ್ಯದ್ದು ಇನ್ನೂ ಹಸಿ ಗಾಯ. 2025ರ ಮೇ 26ರಂದು ಮಂಡ್ಯದಲ್ಲಿ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ದಂಪತಿಯ ಬೈಕನ್ನು ಹೆಲ್ಮೆಟ್ ಕಾರಣಕ್ಕೆ ತಡೆದಾಗ ಮಗು ಕೆಳಗೆ ಬಿದ್ದು ಲಾರಿಗೆ ಸಿಕ್ಕಿ ಸತ್ತಿತು. ಅದಾದ ಮೇಲೆ ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಸುತ್ತೋಲೆ ಕೊಟ್ಟರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬೇಡಿ, ಗಾಡಿ ಮುಂದೆ ದಿಢೀರ್ ಹಾರಬೇಡಿ, ಕೀ ಕಿತ್ತುಕೊಳ್ಳಬೇಡಿ, ಹಿಂದೆ ಕೂತವರನ್ನು ಎಳೆಯಬೇಡಿ, ವೇಗವಾಗಿ ಹೋದವರನ್ನು ಬೆನ್ನಟ್ಟದೆ ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ಹೇಳಿ. ಈ ಸುತ್ತೋಲೆ ನಿಮ್ಮ ಕೈಯಲ್ಲಿರುವ ಒಳ್ಳೆಯ ಹಕ್ಕು. ಜೊತೆಗೆ ಒಂದನ್ನು ಅರ್ಥ ಮಾಡಿಕೊಳ್ಳಿ. ಪೊಲೀಸರು ಬೆನ್ನಟ್ಟಲಿಲ್ಲ ಅಂದರೆ ಬಿಟ್ಟರು ಅಂತಲ್ಲ. ನಂಬರ್ ಹೋಗಿದೆ.

ನಂಬರ್ ಅಂದಾಗ ಕೆಲವರು ಪ್ಲೇಟ್ ಮಡಚುತ್ತಾರೆ, ಕೆಎ-34ರ ಒಂದು ಅಂಕಿಗೆ ಟೇಪ್ ಹಚ್ಚುತ್ತಾರೆ. ಜಾಣತನ ಅಂದುಕೊಳ್ಳುತ್ತಾರೆ. ಬೇರೆ ಗಾಡಿಯ ನಂಬರ್ ಹಾಕಿಕೊಂಡರಂತೂ ವಂಚನೆ, ನಕಲಿ ದಾಖಲೆ ಸೃಷ್ಟಿಯ ಕೇಸು. ಐನೂರು ರೂಪಾಯಿಗೆ ಹೋಲಿಸಿ ಇದನ್ನು ವಿವರಿಸಲು ನನಗೆ ಬೇಸರ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಓಡುವುದಕ್ಕೇ ಕ್ಯಾಲಿಫೋರ್ನಿಯಾದಂಥ ಪ್ರತ್ಯೇಕ ಕಲಂ ನಮಗೆ ಈಗ ಬೇಡ. ನಮ್ಮಲ್ಲಿ ಗಾಡಿ ನಿಲ್ಲಿಸುವ ರೀತಿಯೇ ಇನ್ನೂ ನೆಟ್ಟಗಾಗಿಲ್ಲ. ಗಿಡದ ಮರೆಯಲ್ಲಿ ನಿಂತು ತಿರುವಿನಲ್ಲಿ ಲಾಠಿ ಚಾಚುವ ಪದ್ಧತಿ ಇರುವವರೆಗೆ, ಹೆದರಿ ಓಡಿದ ಹುಡುಗನಿಗೂ ಮರಳು ಕಳ್ಳನಿಗೂ ಒಂದೇ ಕಲಂ ಹಾಕುವುದು ನ್ಯಾಯ ಅನಿಸುವುದಿಲ್ಲ. ನಮ್ಮ ವಕೀಲರಲ್ಲೇ ಇದನ್ನು ಒಪ್ಪದವರೂ ಇದ್ದಾರೆ.

ನಿಲ್ಲಿಸಿದ ಮೇಲೆ ಏನು ಮಾಡಬೇಕು ಅನ್ನುವುದು ಸುಲಭ. ಗಾಡಿ ಎಡಕ್ಕೆ ತನ್ನಿ, ಎಂಜಿನ್ ಆಫ್ ಮಾಡಿ. ಡಿಜಿಲಾಕರ್‌ನಲ್ಲಿರುವ ಲೈಸೆನ್ಸ್, ಆರ್‌ಸಿ ತೋರಿಸಿದರೆ ಸಾಕು, ಅದಕ್ಕೆ ಕಾನೂನಿನ ಮಾನ್ಯತೆ ಇದೆ. ದಂಡ ಕಟ್ಟಿದರೆ ರಸೀದಿ ಕೇಳಿ, ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ದುಡ್ಡಿಲ್ಲವಾ? ಅಲ್ಲೇ ಕಟ್ಟಬೇಕು ಅಂತ ಇಲ್ಲ, ಕೇಸು ಬರೆಯಿರಿ, ಕೋರ್ಟಿನಲ್ಲಿ ಕಟ್ಟುತ್ತೇನೆ ಅಂತ ಹೇಳಬಹುದು. ನಿಮ್ಮದು ತಪ್ಪಿಲ್ಲ ಅನಿಸಿದರೂ ಕೋರ್ಟೇ ಜಾಗ, ರಸ್ತೆ ಅಲ್ಲ.

ಪ್ರಶ್ನೆಗಳು ಬಂದಿವೆ. ಮೊದಲನೆಯದು ಒಬ್ಬ ವಿದ್ಯಾರ್ಥಿನಿಯದು. ರಾತ್ರಿ ಹೊತ್ತು, ರಸ್ತೆಯಲ್ಲಿ ಯಾರೂ ಇಲ್ಲ, ಯೂನಿಫಾರ್ಮ್ ಇಲ್ಲದ ಇಬ್ಬರು ಪೊಲೀಸ್ ಅಂತ ಕೈ ಮಾಡಿದರೆ ನಿಲ್ಲಿಸಬೇಕಾ? ತುಂಬ ಒಳ್ಳೆಯ ಪ್ರಶ್ನೆ ಅವ್ವ. ಲೈಸೆನ್ಸ್ ಕೇಳುವ ಅಧಿಕಾರ ಕಾಯ್ದೆ ಕೊಟ್ಟಿರುವುದು ಸಮವಸ್ತ್ರದಲ್ಲಿರುವ ಪೊಲೀಸರಿಗೆ. ಯೂನಿಫಾರ್ಮ್ ಇಲ್ಲದಿದ್ದರೆ ಕತ್ತಲಲ್ಲಿ ನಿಲ್ಲಿಸಬೇಡ. ಆದರೆ ವೇಗವನ್ನೂ ಏರಿಸಬೇಡ. ಎಷ್ಟು ವೇಗದಲ್ಲಿದ್ದೆಯೋ ಹಾಗೇ ಮುಂದೆ ಹೋಗಿ, ಬೆಳಕಿರುವ ಪೆಟ್ರೋಲ್ ಬಂಕೋ ಹೋಟೆಲ್ಲೋ ಸಿಕ್ಕಲ್ಲಿ ನಿಲ್ಲಿಸಿ 112ಕ್ಕೆ ಫೋನ್ ಮಾಡು. ಆ ಕರೆಯ ದಾಖಲೆ ಉಳಿಯುತ್ತದೆ. ನಾಳೆ ಯಾರಾದರೂ ನಿಲ್ಲಿಸದೆ ಓಡಿದೆ ಅಂದರೆ ನಿನ್ನ ಪರವಾಗಿ ಮಾತಾಡುವುದು ಅದೇ.

ಎರಡನೆಯದು ಚೀಟಿಯಲ್ಲಿ ಬಂದಿದೆ, ಹೆಸರಿಲ್ಲ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದೇನೆ, ಹೋದ ವರ್ಷ ಇಂಥದ್ದೊಂದು ಎಫ್‌ಐಆರ್ ಆಗಿದೆ, ಕೆಲಸ ಸಿಗುತ್ತದಾ ಅಂತ. ತಮ್ಮಾ, ನೀನು ಯಾರೇ ಇರು, ಗಾಬರಿ ಬೇಡ. ಎಫ್‌ಐಆರ್ ಆದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಕೇಸು ಎಂಥದ್ದು, ಏನಾಯಿತು ಅಂತ ಇಲಾಖೆ ನೋಡುತ್ತದೆ. ಬಾಗಿಲು ಮುಚ್ಚುವುದು ಕೇಸನ್ನು ಮುಚ್ಚಿಟ್ಟಾಗ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ವಿವರಿಸಿದೆ. ಸಣ್ಣಪುಟ್ಟ ಕೇಸಾಗಿದ್ದರೆ ಇಲಾಖೆ ಉದಾರವಾಗಿ ನೋಡಬಹುದು, ಆದರೆ ಅಭ್ಯರ್ಥಿ ಹೇಳುವ ಮಾಹಿತಿ ನಿಜವಾಗಿರಬೇಕು. ಹಾಗಾಗಿ ಮೊದಲು ಕೋರ್ಟಿಗೆ ಹೋಗಿ ನಿನ್ನ ಕೇಸು ಯಾವ ಹಂತದಲ್ಲಿದೆ ನೋಡು, ಚಾರ್ಜ್‌ಶೀಟ್ ಪ್ರತಿ ತೆಗೆದುಕೋ. ಆಯ್ಕೆಯಾದ ಮೇಲೆ ದೃಢೀಕರಣದ ನಮೂನೆ ಕೊಡುತ್ತಾರೆ, ಅದರಲ್ಲಿ ಕ್ರಿಮಿನಲ್ ಪ್ರಕರಣಗಳ ಬಗ್ಗೆ ಕೇಳುವ ಕಾಲಂ ಇರುತ್ತದೆ. ಅಲ್ಲಿ 'ಇಲ್ಲ' ಅಂತ ಬರೆಯಬೇಡ. ಠಾಣೆಯ ಹೆಸರು, ಕ್ರೈಂ ನಂಬರ್, ಕಲಂಗಳು, ಕೋರ್ಟ್, ಈಗಿನ ಹಂತ, ಇಷ್ಟನ್ನೂ ಬರೆದು ಪ್ರತಿಗಳನ್ನು ಲಗತ್ತಿಸು.